ಇಪ್ಪತ್ತಾರು ತಾಸು ಮಾತಾಡಿದ ಡಾಕ್ಟರ ಸಂಬಳ

ಬ್ಯಾಡಗಿ
ಎರಡು ಸಾವಿರದ ಇನ್ನೂರ ನಲವತ್ತೇಳನೆಯ ಇಸವಿ, ಹದಿಮೂರನೆಯ ತಿಂಗಳು, ಇಪ್ಪತ್ತನೆಯ ದಿನ

ಇನ್ನೂರ ಇಪ್ಪತ್ತು ವರ್ಷದ ಹಿಂದಿನ ಹಿರಿಯರಿಗೆ ನೀಲವ್ವ ಮೋಟೆಬೆನ್ನೂರ ಮಾಡುವ ನಮಸ್ಕಾರಗಳು.

ಮೊದಲು ನನ್ನ ಅಕ್ಷರಕ್ಕೂ ತಪ್ಪುಗಳಿಗೂ ಕ್ಷಮೆ ಇರಲಿ. ನಮ್ಮ ಕಾಲದಲ್ಲಿ ಕೈಯಿಂದ ಬರೆಯುವವರು ಕಡಿಮೆ; ಗೋಡೆಗೆ ಹೇಳಿದರೆ ಗೋಡೆಯೇ ಬರೆದುಕೊಳ್ಳುತ್ತದೆ. ನನಗೆ ಗೋಡೆಯ ಜೊತೆ ಮಾತಾಡುವುದಕ್ಕೂ ನಾಚಿಕೆ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳಾದ್ದರಿಂದ ಒತ್ತಕ್ಷರ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದು ಇನ್ನೂ ಖಾತ್ರಿಯಾಗಿಲ್ಲ. ಸಂಶಯ ಬಂದಲ್ಲಿ ಹಾಕಿಬಿಟ್ಟಿದ್ದೇನೆ, ಹೆಚ್ಚಾದದ್ದನ್ನು ನೀವೇ ತೆಗೆದುಕೊಳ್ಳಿ. ಹದಿಮೂರನೆಯ ತಿಂಗಳು ಎಂಬುದು ಮಾತ್ರ ತಪ್ಪಲ್ಲ. ಎಲ್ಲ ತಿಂಗಳಿಗೂ ಇಪ್ಪತ್ತೆಂಟೇ ದಿನ ಎಂದು ಮಾಡಿದ ಮೇಲೆ ಕೊನೆಯಲ್ಲಿ ಒಂದು ತಿಂಗಳು ಉಳಿಯಿತು. ಅದಕ್ಕೆ ಉಳಿಕೆ ಎಂದು ಹೆಸರಿಟ್ಟು, ವರ್ಷವಿಡೀ ಮುಂದಕ್ಕೆ ಹಾಕಿದ ಜಗಳಗಳನ್ನೆಲ್ಲ ಅದರೊಳಗೆ ತುಂಬಿದರು. ಆಮೇಲೂ ಒಂದು ದಿನ ಉಳಿಯುತ್ತದೆ. ಅವತ್ತು ಯಾರೂ ಏನೂ ಮಾಡುವುದಿಲ್ಲ.

ಈ ಕಾಗದವನ್ನು ನಾನು ಬರೆಯುತ್ತಿರುವುದು ಇಷ್ಟದಿಂದಲ್ಲ, ನಿಯಮದಿಂದ. ನಮ್ಮೂರ ಕ್ಯಾನ್ಸರ್ ಡಾಕ್ಟರುಗಳ ಸಂಬಳವನ್ನು ಪ್ರತಿ ಉಳಿಕೆಯಲ್ಲಿ ಊರಿನ ಒಬ್ಬರು ಕೂತು ತೂಗಬೇಕು. ಆ ಒಬ್ಬರನ್ನು ಚೀಟಿ ಎತ್ತಿ ಆರಿಸುತ್ತಾರೆ. ನಾಲ್ಕನೆಯ ಇಯತ್ತೆಗಿಂತ ಹೆಚ್ಚು ಕಲಿತವರ ಹೆಸರನ್ನು ಚೀಟಿಗೆ ಹಾಕುವಂತಿಲ್ಲ, ಏಕೆಂದರೆ ಹಿಂದೆ ಕಲಿತವರು ತೂಗುತ್ತಿದ್ದಾಗ ಡಾಕ್ಟರ ಸಂಬಳಕ್ಕಿಂತ ತೂಗುವವರ ಸಂಬಳವೇ ಹೆಚ್ಚಾಗಿಬಿಟ್ಟಿತಂತೆ. ತೂಗಿದ ಮೇಲೆ ಕಾರಣವನ್ನು ಸತ್ತುಹೋದ ಹಿರಿಯರಿಗೆ ಕಾಗದವಾಗಿ ಬರೆಯಬೇಕು. ಬದುಕಿರುವವರಿಗೆ ಬರೆದರೆ ಓದುವವರ ಮುಖ ನೆನೆಸಿಕೊಂಡು ಬರೆಯುತ್ತೇವೆ. ನಿಮ್ಮಿಂದ ನಮಗೆ ಆಗಬೇಕಾದ್ದು ಏನೂ ಇಲ್ಲ. ಮಾತು ಒರಟಾಯಿತು, ಬಿಟ್ಟುಬಿಡಿ.

ನನಗೆ ಹತ್ತೊಂಬತ್ತು ವರ್ಷ. ಮೆಣಸಿನಕಾಯಿ ತೊಟ್ಟು ಬಿಡಿಸುವುದು, ಚೀಲ ಹೊಲಿಯುವುದು ನನ್ನ ಕೆಲಸ. ಈ ಕೆಲಸವನ್ನು ಯಂತ್ರಕ್ಕೆ ಕಲಿಸಲು ನಿಮ್ಮ ಕಾಲದಿಂದಲೂ ನೋಡುತ್ತಿದ್ದಾರೆ. ಯಂತ್ರಕ್ಕೆ ಸೀನು ಬರುವುದಿಲ್ಲ ಎಂಬುದು ನಿಜ, ಆದರೆ ಅದು ತೊಟ್ಟಿನ ಜೊತೆಗೆ ಅರ್ಧ ಕಾಯಿಯನ್ನೂ ಕಿತ್ತು ಬಿಸಾಡುತ್ತದೆ. ಹೀಗಾಗಿ ನಾವು ಉಳಿದಿದ್ದೇವೆ.

ತೂಗುವ ಮೊದಲು ನಿಮ್ಮಲ್ಲಿ ಹೇಗಿತ್ತು ಎಂದು ಓದಬೇಕು. ಹಳೆಯ ಕಾಗದದ ಕೋಣೆಯಲ್ಲಿ ಹನ್ನೊಂದು ದಿನ ಕೂತೆ. ಅಕ್ಷರ ಕೂಡಿಸಿ ಓದುವವಳಾದ್ದರಿಂದ ಯಾವ ಕಾಗದವನ್ನೂ ಹಾರಿಸಲು ನನಗೆ ಬರುವುದಿಲ್ಲ. ತಿಳಿದದ್ದು ಇಷ್ಟು. ನಿಮ್ಮಲ್ಲಿ ಕ್ಯಾನ್ಸರ್ ಡಾಕ್ಟರಾಗಲು ಮೂವತ್ತು ದಾಟುವವರೆಗೆ ಓದುತ್ತಿದ್ದರು. ಓರಗೆಯವರ ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ಇವರೂ ಚೀಲ ಹಾಕಿಕೊಂಡು ಪರೀಕ್ಷೆಗೆ ಹೋಗುತ್ತಿದ್ದರು. ಆಮೇಲೆ ಸರ್ಕಾರಿ ಆಸ್ಪತ್ರೆ ಸೇರಿದವರಿಗೆ ಹುದ್ದೆಗೆ ತಕ್ಕ ಸಂಬಳ. ಖಾಸಗಿಯಲ್ಲಿ ಇದ್ದವರಿಗೆ ಎಷ್ಟು ರೋಗಿಗಳನ್ನು ನೋಡಿದರು, ಎಷ್ಟು ಆಪರೇಷನ್ ಮಾಡಿದರು ಎಂಬುದರ ಮೇಲೆ ಪಾಲು. ಕತ್ತರಿಸುವವರಿಗೆ ಒಂದು, ಔಷಧ ಏರಿಸುವವರಿಗೆ ಒಂದು, ಕಿರಣ ಬಿಡುವವರಿಗೆ ಇನ್ನೊಂದು. ಹೆಸರು ಮಾಡಿದವರಿಗೆ ಹೆಚ್ಚು, ಹೊಸಬರಿಗೆ ಕಡಿಮೆ. ದೊಡ್ಡ ಊರಿಗೆ ಒಂದು ದರ. ಯಾರೂ ಬರಲೊಲ್ಲದ ಸಣ್ಣ ಊರಿಗೆ ಕೆಲವು ಸಲ ಅದಕ್ಕಿಂತ ಹೆಚ್ಚು ಕೊಟ್ಟು ಕರೆಯಬೇಕಿತ್ತು. ಸ್ವಂತ ಆಸ್ಪತ್ರೆ ತೆರೆದವರಿಗೆ ಯಂತ್ರದ ಕಂತು ಕಟ್ಟಿ ಉಳಿದದ್ದು, ಉಳಿದರೆ. ರೋಗಿಯ ಮನೆಯವರು ಮಾತ್ರ ಬಿಲ್ಲಿನ ಕೊನೆಯ ಅಂಕಿ ನೋಡಿ, ಅಷ್ಟೂ ಡಾಕ್ಟರ ಜೇಬಿಗೇ ಹೋಯಿತೆಂದು ಊರು ಮುಟ್ಟುವವರೆಗೆ ಬೈಯುತ್ತಿದ್ದರು. ನಿಜವಾಗಿ ಎಷ್ಟು ಹೋಯಿತು ಎಂದು ಅವರು ಕೇಳಿದ್ದು ಎಲ್ಲೂ ಸಿಗಲಿಲ್ಲ. ಡಾಕ್ಟರು ತಾವಾಗಿ ಹೇಳಿದ್ದೂ ಸಿಗಲಿಲ್ಲ. ಹನ್ನೊಂದು ದಿನ ಓದಿ ಎದ್ದವಳನ್ನು, ಆ ಕಾಲದ ಕ್ಯಾನ್ಸರ್ ಡಾಕ್ಟರಿಗೆ ಎಷ್ಟು ಸಿಗುತ್ತಿತ್ತು ಎಂದು ಈಗ ಯಾರಾದರೂ ಕೇಳಿದರೆ, ಎಂಥವರಿಗೆ ಎಂದು ನಾನೇ ತಿರುಗಿ ಕೇಳಬೇಕು.

ನಿಮ್ಮ ನಂತರ ಬಂದವರು ಇದನ್ನು ಸರಿಮಾಡಲು ಹೊರಟರು. ಮೊದಲು, ಎಷ್ಟು ಮಂದಿ ಗುಣವಾದರೋ ಅಷ್ಟಕ್ಕೆ ಸಂಬಳ ಎಂದರು. ಆಗ ಡಾಕ್ಟರುಗಳು ತಾನಾಗಿಯೇ ಗುಣವಾಗುವಂಥ ರೋಗಿಗಳನ್ನು ಗೇಟಿನಲ್ಲಿಯೇ ಆರಿಸಿಕೊಂಡು, ನಿಜವಾಗಿ ಕಷ್ಟದಲ್ಲಿದ್ದವರಿಗೆ ಪಕ್ಕದ ಊರಿನ ದಾರಿ ತೋರಿಸತೊಡಗಿದರು. ಪಕ್ಕದ ಊರಿನವರು ಅವರನ್ನು ಮತ್ತೆ ಇಲ್ಲಿಗೇ ಕಳಿಸುತ್ತಿದ್ದರು. ಆಮೇಲೆ, ಎಷ್ಟು ಮಂದಿ ಬಂದರೋ ಅಷ್ಟಕ್ಕೆ ಎಂದರು. ಆ ವರ್ಷ ಮೊಡವೆ ಎದ್ದ ಹುಡುಗಿಯರಿಗೆಲ್ಲ ಮಂಚ ಸಿಕ್ಕಿತು. ಆಮೇಲೆ, ರೋಗಿಗಳು ಹಾಕಿದ ಅಂಕದ ಮೇಲೆ ಎಂದರು. ಒಬ್ಬ ಡಾಕ್ಟರು ವಾರ್ಡಿನಲ್ಲಿ ಗಿರಮಿಟ್ಟು ಹಂಚಿ ನೂರಕ್ಕೆ ನೂರು ತೆಗೆದುಕೊಂಡರು. ಮಿರ್ಚಿಯನ್ನೂ ಕೊಟ್ಟ ಇನ್ನೊಬ್ಬರಿಗೆ ನೂರಾ ನಾಲ್ಕು ಬಂತು. ಕಡೆಗೆ ಮಾತಿನ ಮಣೆ ಬಂತು.

ಅದನ್ನು ಸ್ವಲ್ಪ ವಿವರಿಸಬೇಕು. ಈಗ ಗಡ್ಡೆ ತೆಗೆಯುವುದು ಕತ್ತರಿಗೈ ಎಂಬ ಯಂತ್ರ. ಕಿರಣ ಬಿಡುವುದು ಬೆಳಕಿನ ಗೂಡು ಎಂಬ ಸಣ್ಣ ಕೋಣೆ. ಯಾರಿಗೆ ಯಾವುದು, ಯಾವಾಗ, ಎಷ್ಟು ಎಂದು ನಿರ್ಧರಿಸುವುದು ಮತ್ತು ಅದನ್ನು ರೋಗಿಯ ಮುಖಕ್ಕೆ ಹೇಳುವುದು ಡಾಕ್ಟರ ಕೆಲಸ. ನಿರ್ಧಾರ ಕಣ್ಣಿಗೆ ಕಾಣುವುದಿಲ್ಲ, ಮಾತಾದರೆ ಕಿವಿಗೆ ಕೇಳುತ್ತದೆ. ಅದಕ್ಕೇ ರೋಗಿಯ ಪಕ್ಕದಲ್ಲಿ ಡಾಕ್ಟರಿಗಾಗಿ ಒಂದು ಮಣೆ ಹಾಕಿದರು. ಮೇಲೆ ಭಾರ ಬಿದ್ದರೆ ಅದು ಎಚ್ಚರಾಗುತ್ತದೆ. ಕೇಳಿದ ದನಿಯನ್ನು ವಿವರಣೆ, ಸಾಂತ್ವನ, ಗದರಿಕೆ ಎಂದು ಮೂರು ಬಗೆ ಮಾಡಿ ನಿಮಿಷ ಬರೆದುಕೊಳ್ಳುತ್ತದೆ. ಸಾಂತ್ವನಕ್ಕೆ ಎಲ್ಲಕ್ಕಿಂತ ಹೆಚ್ಚು ದರ. ಮೂರು ವರ್ಷ ಸತತ ನಿಮಿಷ ಕಡಿಮೆಯಾದ ಡಾಕ್ಟರನ್ನು ಕಾರವಾರದಾಚೆ ಕಡಲಿನಲ್ಲಿರುವ ತೇಲಾಸ್ಪತ್ರೆಗೆ ಹಾಕುತ್ತಾರೆ. ಅಲ್ಲಿ ಡಾಕ್ಟರಿಗೇ ವಾಂತಿ ನಿಲ್ಲುವುದಿಲ್ಲವಂತೆ.

ನಮ್ಮೂರಲ್ಲಿ ಇಬ್ಬರು ಕ್ಯಾನ್ಸರ್ ಡಾಕ್ಟರು. ಡಾಕ್ಟರ್ ಮೆಹರುನ್ನಿಸಾ ಸವಣೂರ ಅವರು ಮಣೆಯ ಮೇಲೆ ಕೂತರೆ ಏಳುವುದು ಮಧ್ಯಾಹ್ನಕ್ಕೆ. "ನೋಡ್ರೀ ಯವ್ವಾ, ನಿಮಗ ಬಂದದ್ದು ಸಣ್ಣದು. ನಮ್ಮ ಖಾಲಾಗ ಬಂದಿತ್ತಲ್ಲ, ಅದು ಇದರ ಅಣ್ಣ. ಖಾಲಾ ಅಂದ್ರ ಯಾರು ಗೊತ್ತೇನ್ರೀ? ನಮ್ಮವ್ವನ ತಂಗಿ, ಹಾನಗಲ್ಲಿಗೆ ಕೊಟ್ಟಿದ್ವಿ. ಅವರ ಮಾವಗ ಎರಡು ಎಮ್ಮಿ ಇದ್ವು, ಒಂದು ಹಾಯೂದು..." ಎಂದು ಶುರುವಾದರೆ, ಎಮ್ಮೆಯ ಕಥೆ ಮುಗಿಯುವುದರೊಳಗೆ ಸೂಜಿ ಚುಚ್ಚಿ ಆಗಿರುತ್ತದೆ, ರೋಗಿಗೆ ಗೊತ್ತಾಗಿರುವುದಿಲ್ಲ. ಒಳ್ಳೆಯ ಡಾಕ್ಟರು. ಆದರೆ ಒಬ್ಬೊಬ್ಬರಿಗೂ ಅರ್ಧ ದಿನ ಹೋಗುವುದರಿಂದ ಅವರ ಪಾಳಿ ಸಿಗಲು ಒಂಬತ್ತು ತಿಂಗಳು ಕಾಯಬೇಕು. ಇನ್ನೊಬ್ಬರು ಡಾಕ್ಟರ್ ಫಕ್ಕೀರೇಶ ಹಾವನೂರ. ಸಣಕಲು ದೇಹ. ಅವರ ಮಾತು ಬೆರಳಲ್ಲಿ ಎಣಿಸುವಷ್ಟು. ಮಣೆ ಎಚ್ಚರಾಗುವ ಹೊತ್ತಿಗೆ ಅವರು ಎದ್ದಿರುತ್ತಾರೆ. ಎರಡು ವರ್ಷ ಅವರ ನಿಮಿಷ ಎಲ್ಲರಿಗಿಂತ ಕೆಳಗಿತ್ತು, ಇದು ಮೂರನೆಯದು. ಅವರ ಸಂಬಳ ಮೆಹರುನ್ನಿಸಾ ಅವರದರ ಎಂಟರಲ್ಲಿ ಒಂದು ಪಾಲೂ ಇರಲಿಲ್ಲ.

ನನ್ನ ದೊಡ್ಡವ್ವ ಬಸಲಿಂಗವ್ವ ಈ ಫಕ್ಕೀರೇಶ ಡಾಕ್ಟರ ರೋಗಿ. ನನ್ನನ್ನು ಸಾಕಿದವಳು ಅವಳೇ. ಮೊದಲ ದಿನ ಅವಳ ಜೊತೆ ನಾನೂ ಹೋಗಿದ್ದೆ. ಡಾಕ್ಟರು ಪರೀಕ್ಷೆಯ ಕಾಗದ ನೋಡಿದರು, ಮಣೆಯ ಮೇಲೆ ಕೂತರು, ದೊಡ್ಡವ್ವನ ಕಣ್ಣನ್ನೇ ನೋಡಿ, "ಐತಿ. ಹೋಗ್ತೈತಿ. ನಾ ಅದೀನಿ," ಎಂದರು. ಅಷ್ಟೇ. ಮಣೆ ಅದನ್ನು ಮೂರು ಸೆಕೆಂಡು ಎಂದು ಬರೆದುಕೊಂಡಿತು. ದೊಡ್ಡವ್ವ ಅದೇ ಮೂರು ಮಾತನ್ನು ತಿಂಗಳುಗಟ್ಟಲೆ ಬಾಗಿಲಿಗೆ ಬಂದವರಿಗೆಲ್ಲ ಹೇಳಿದಳು. ಅವಳಿಗೆ ಬೆಳಕಿನ ಗೂಡಿನಲ್ಲಿ ತಿಂಗಳಿಗೊಂದರಂತೆ ಹತ್ತು ಬೆಳಕು ಕೊಡಬೇಕೆಂದು ಡಾಕ್ಟರು ಗೊತ್ತುಮಾಡಿದ್ದರು. ಮೂರು ಮುಗಿದಾಗ ಅವರನ್ನು ತೇಲಾಸ್ಪತ್ರೆಗೆ ಹಾಕಬಹುದೆಂಬ ಸುದ್ದಿ ವಾರ್ಡಿಗೆ ಮುಟ್ಟಿತು.

ಮಾರನೆಯ ದಿನ ದೊಡ್ಡವ್ವ ನನಗೆ, "ಏ ನೀಲಿ, ಒಂದು ಚೀಲ ಮೆಣಸಿನಕಾಯಿ ತುಂಬಿ ಗಟ್ಟಿಯಾಗಿ ಹೊಲದು ಕೊಡು. ಸಣ್ಣ ಆಳಿನ ತೂಕ ಬರಬೇಕು ನೋಡು. ಯಾಕ ಅಂತ ಕೇಳಬ್ಯಾಡ. ಕೇಳಾಕಿನೂ ಅಲ್ಲ ಬಿಡು ನೀ," ಎಂದಳು. ನಾನು ಕೇಳಲಿಲ್ಲ. ಒಣ ಮೆಣಸಿನಕಾಯಿ ಹಗುರ, ತುಳಿದು ತುಳಿದು ತುಂಬಬೇಕಾಯಿತು. ತುಳಿದದ್ದರಿಂದ ಒಳಗೆ ಅರ್ಧ ಪುಡಿಯಾಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಆದದ್ದೆಲ್ಲ ಆ ಪುಡಿಯಿಂದ.

ದಿನಾ ಹಗಲು ವಾರ್ಡಿಗೆ ಹೋಗಿ ಕೂರುತ್ತಿದ್ದ ದೊಡ್ಡವ್ವ, ಡಾಕ್ಟರು ಬೇರೆ ವಾರ್ಡಿನ ಸುತ್ತಿಗೆ ಹೊರಟೊಡನೆ ಚೀಲವನ್ನು ಮಣೆಯ ಮೇಲೆ ಇಡಿಸುತ್ತಿದ್ದಳು. ವಾರ್ಡಿನ ಹದಿನಾಲ್ಕು ಮಂದಿ ರೋಗಿಗಳು ಅದಕ್ಕೆ ಪಾಳಿ ಹಚ್ಚಿಕೊಂಡಿದ್ದರು. ಪಾಳಿಯವರು ಚೀಲದ ಪಕ್ಕ ಕೂತು ತಮ್ಮ ತಮ್ಮಲ್ಲೇ ಮಾತಾಡಬೇಕು. ಆದರೆ ಚೀಲ ಒಮ್ಮೆ ಅಲುಗಿದರೆ ಸಾಕು, ಮಾತಾಡುವ ಕಷ್ಟವೇ ಇರಲಿಲ್ಲ. ಒಬ್ಬರು ಸೀನಿದರೆ ಹದಿನಾಲ್ಕು ಮಂದಿಯೂ ಸೀನುತ್ತಿದ್ದರು. ಮಣೆ ಒಬ್ಬೊಬ್ಬರ ಸೀನನ್ನೂ ಬೇರೆ ಬೇರೆ ಬರೆದುಕೊಂಡಿತು, ಅದೂ ಸಾಂತ್ವನದ ಲೆಕ್ಕಕ್ಕೆ. ಡಾಕ್ಟರು ತಿರುಗಿ ಬಂದು ಚೀಲವನ್ನು ಎತ್ತಿ ನೆಲಕ್ಕಿಟ್ಟು, ಕೂತು, ಎರಡು ಮಾತಾಡಿ ಏಳುತ್ತಿದ್ದರು. ಯಾರ ಚೀಲ ಎಂದು ಒಮ್ಮೆಯೂ ಕೇಳಲಿಲ್ಲ.

ಮೂರು ತಿಂಗಳಲ್ಲಿ ಅವರ ನಿಮಿಷ ಏರುತ್ತ ಏರುತ್ತ ಹೋಗಿ, ಒಂದು ದಿನ ಮಣೆ ಆ ದಿನಕ್ಕೇ ಇಪ್ಪತ್ತಾರು ತಾಸು ತೋರಿಸಿತು. ಸಂಬಳ ಸಭೆಯವರು ಮೊದಲು ಅವರಿಗೆ ಶಾಲು ಹೊದಿಸಿದರು. ದಿನಕ್ಕೆ ಎಷ್ಟು ತಾಸು ಇರುತ್ತವೆ ಎಂದು ಯಾರೋ ನೆನಪು ಮಾಡಿದ್ದು ಶಾಲು ಹೊದಿಸಿದ ಮೇಲೆ. ಡಾಕ್ಟರು ಮಣೆಗೆ ಮೋಸ ಮಾಡಿದ್ದಾರೆ ಎಂದು ದೂರು ಬಂತು. ಡಾಕ್ಟರೇ ಮಾಡಿದ್ದಾದರೆ ಅವರ ಹೆಸರಿನ ಹಲಗೆಯನ್ನು ಜನ್ಮಕ್ಕೆ ಇಳಿಸುತ್ತಾರೆ. ಬೇರೆಯವರು ಮಾಡಿದ್ದಾದರೆ ಅವರಿಗೆ ಒಂದು ವರ್ಷ ಆಸ್ಪತ್ರೆಯ ಬಾಗಿಲು ಮುಚ್ಚುತ್ತದೆ. ಅದೇ ವಾರ ತೂಗುವ ಚೀಟಿ ನನ್ನ ಹೆಸರಿಗೆ ಬಂತು.

ಹಿರಿಯರೇ, ನನ್ನ ಪಾಡನ್ನು ನೋಡಿ. ಬಾಯಿ ಮುಚ್ಚಿದರೆ ಡಾಕ್ಟರು ಹೋಗುತ್ತಾರೆ, ದೊಡ್ಡವ್ವನ ಬೆಳಕು ಆರಕ್ಕೇ ನಿಲ್ಲುತ್ತದೆ. ಬಾಯಿ ಬಿಟ್ಟರೆ ದೊಡ್ಡವ್ವನಿಗೆ ಬಾಗಿಲು ಮುಚ್ಚುತ್ತದೆ, ಆಗಲೂ ಆರಕ್ಕೇ ನಿಲ್ಲುತ್ತದೆ. ನಾನು ಅವಳ ಸಂಬಂಧಿ, ನನ್ನನ್ನು ಬಿಡಿ ಎಂದು ಕೇಳಿಕೊಳ್ಳೋಣವೆಂದರೆ, ಬ್ಯಾಡಗಿಯಲ್ಲಿ ಯಾರೂ ಯಾರಿಗೂ ಸಂಬಂಧಿಯಲ್ಲದೆ ಉಳಿದಿಲ್ಲವಾದ್ದರಿಂದ ಆ ಕಾರಣವನ್ನು ಎಂದೋ ರದ್ದು ಮಾಡಿದ್ದಾರೆ. ಮನೆಯಲ್ಲಿ ದೊಡ್ಡವ್ವನಿಗೆ ಹೇಳಿದೆ. "ನೀ ತೂಗಾಕಿ, ನಾ ಇಟ್ಟಾಕಿ. ನಿನ್ನ ಕೆಲಸ ನೀ ಮಾಡು. ರೊಟ್ಟಿ ತಿನ್ನು ಮೊದಲ," ಎಂದಳು. ಆ ದಿನ ಅವಳೇ ರೊಟ್ಟಿ ತಿನ್ನಲಿಲ್ಲ.

ಹಳೆಯ ಕಾಗದದ ಕೋಣೆಯಲ್ಲಿ ಏನೂ ಬಿಡದೆ ಓದಿದ್ದರಿಂದ ಒಂದು ಲಾಭವಾಯಿತು. ಪರಿಗಣಿಸದ ಅರ್ಜಿಗಳು ಎಂದು ಬರೆದ ಒಂದು ಕಟ್ಟಿನಲ್ಲಿ ಫಕ್ಕೀರೇಶ ಡಾಕ್ಟರ ಮೂರು ಚೀಟಿಗಳು ಸಿಕ್ಕವು, ತಿಂಗಳಿಗೊಂದು. ಮೊದಲನೆಯದು: "ಸಂಬಳ ಹೆಚ್ಚು ಬಂದಿದೆ." ಎರಡನೆಯದು: "ಮತ್ತೆ ಹೆಚ್ಚು." ಮೂರನೆಯದು: "ಹಾಗೇ ಇಟ್ಟಿದ್ದೇನೆ, ಒಯ್ಯಿರಿ." ಮೂರರ ಕೆಳಗೂ ಕಚೇರಿಯ ಯಂತ್ರ ಒಂದೇ ಉತ್ತರ ಒತ್ತಿತ್ತು: ಐವತ್ತು ಪದಗಳಿಗಿಂತ ಕಡಿಮೆ ಇರುವ ಅರ್ಜಿಗಳನ್ನು ಪರಿಗಣಿಸಲಾಗುವುದಿಲ್ಲ.

ಮೊನ್ನೆ ಸಭೆ ಕೂಡಿತು. ಅಧ್ಯಕ್ಷರು ಮುರಿಗೆಪ್ಪ ಕದರಮಂಡಲಗಿಯವರು. ಮೋಸದ ಸಾಕ್ಷಿಯೆಂದು ಚೀಲವನ್ನೂ ಮಣೆಯನ್ನೂ ತಂದಿಟ್ಟಿದ್ದರು. ತೂಗುವವರು ಅದೇ ಮಣೆಯ ಮೇಲೆ ಕೂತು ಮಾತಾಡಬೇಕು. ಮುನ್ನೂರು ಜನರನ್ನು ನೋಡಿದ ಕೂಡಲೇ ನನ್ನ ನಾಲಿಗೆ ಅಂಟಿಕೊಂಡಿತು.

"ಹೇಳವಾ ತಂಗಿ, ಹೇಳು. ಇಲ್ಲಿ ಯಾರೂ ನಿನ್ನ ತಿನ್ನೂದಿಲ್ಲ," ಎಂದರು ಮುರಿಗೆಪ್ಪನವರು. ಅಂದದ್ದೇ ಇನ್ನಷ್ಟು ಅಂಟಿಕೊಂಡಿತು. ಅವರು ಡಾಕ್ಟರ ಕಡೆ ತಿರುಗಿದರು.

"ಡಾಕ್ಟ್ರ, ಮಣಿ ಮ್ಯಾಲೆ ಚೀಲ ನೋಡಿದ್ರೇನು?"

"ನೋಡಿದ್ನಿ."

"ಮತ್ತ ಹೇಳಬಾರದಿತ್ತ?"

"ಬರದಿದ್ನಿ."

"ಏನು ಬರದಿದ್ರಿ, ಎಲ್ಲಿ ಬರದಿದ್ರಿ, ಬಿಡಿಸಿ ಹೇಳ್ರೆಪಾ!"

ಡಾಕ್ಟರು ಯೋಚಿಸಿದರು. "ಚೀಟಿ," ಎಂದರು.

ನಾನು ಎದ್ದು ಆ ಮೂರು ಚೀಟಿಗಳನ್ನು ಮುರಿಗೆಪ್ಪನವರ ಕೈಗೆ ಕೊಟ್ಟು ಮತ್ತೆ ಕೂತೆ. ಅವರು ಗಟ್ಟಿಯಾಗಿ ಓದಿದರು. ಡಾಕ್ಟರು ಅಲ್ಲ ಎಂದಾಯಿತು. ಹಾಗಾದರೆ ಯಾರು ಎಂಬ ಪ್ರಶ್ನೆ ಎದ್ದಿತು, ಎಲ್ಲರೂ ನನ್ನನ್ನೇ ನೋಡಿದರು. ನಾನು ಅಳುವುದಕ್ಕೆ ತಯಾರಾಗುತ್ತಿದ್ದಾಗ ಹಿಂದಿನ ಸಾಲಿನಿಂದ ದೊಡ್ಡವ್ವ ಎದ್ದಳು.

"ಆ ಹುಡಿಗಿನ್ನ ಯಾಕ ಕಾಡ್ತೀರೋ! ಚೀಲ ಇಟ್ಟಾಕಿ ನಾನು. ನಮ್ಮ ಡಾಕ್ಟರಪ್ಪ ಬಾಯಿ ಬಿಡೂದಿಲ್ಲ, ನಿಮ್ಮ ಮಣಿ ಬಾಯಿ ಬಿಡದವರಿಗೆ ರೊಕ್ಕ ಕೊಡೂದಿಲ್ಲ. ನಡುವ ನಾ ಸಾಯಲೇನು?"

"ಚೀಲ ಹೆಂಗ ಮಾತಾಡ್ತೈತಿ ಬಸಲಿಂಗವ್ವಾ?" ಎಂದರು ಮುರಿಗೆಪ್ಪನವರು.

"ನೀವ ಕೇಳ್ರಿ," ಎಂದು ದೊಡ್ಡವ್ವ ಮುಂದೆ ಬಂದು, ನಾನು ಮಣೆಯಿಂದ ಏಳುವುದಕ್ಕೂ ಕಾಯದೆ, ವಾರ್ಡಿನ ಇಬ್ಬರ ಕೈಯಲ್ಲಿ ಚೀಲ ಎತ್ತಿಸಿ ನನ್ನ ತೊಡೆಯ ಮೇಲೆ ದೊಪ್ಪೆಂದು ಹಾಕಿಸಿದಳು.

ಮೂರು ತಿಂಗಳು ಕುಕ್ಕಿಸಿಕೊಂಡ ಮೆಣಸಿನಕಾಯಿ ಅದು. ಮೊದಲ ಸಾಲು ಸೀನಿತು, ಆಮೇಲೆ ಎರಡನೆಯದು, ಆಮೇಲೆ ಬಾಗಿಲ ಹೊರಗೆ ನಿಂತವರು. ಮೆಹರುನ್ನಿಸಾ ಡಾಕ್ಟರು ಎರಡು ಸೀನಿನ ನಡುವೆ, ತಮ್ಮ ಖಾಲಾ ಹೇಗೆ ಸೀನುತ್ತಿದ್ದರು ಎಂದು ಹೇಳಲು ನೋಡಿದರು, ಆಗಲಿಲ್ಲ. ಫಕ್ಕೀರೇಶ ಡಾಕ್ಟರು ಸೀನಿದ್ದೇ ಅವರ ಬಾಯಿಂದ ನಾವು ಕೇಳಿದ ಎಲ್ಲಕ್ಕಿಂತ ದೊಡ್ಡ ಶಬ್ದ. ಮುರಿಗೆಪ್ಪನವರು ಹನ್ನೊಂದು ಸಲ ಸೀನಿ, ಕಣ್ಣೊರೆಸಿಕೊಂಡು ನೋಡಿದರೆ, ಮಣೆಯ ಸಣ್ಣ ಕಿಟಕಿಯಲ್ಲಿ ಅಂಕಿ ಓಡುತ್ತಿತ್ತು: ಸಾಂತ್ವನ, ನಾಲ್ಕು ತಾಸು ಹತ್ತು ನಿಮಿಷ.

"ನಾ ಯಾರಿಗೆ ಸಾಂತ್ವನ ಹೇಳೇನಪಾ?" ಎಂದರು ಅವರು, ನಿಜವಾಗಿಯೂ ಗಾಬರಿಯಾಗಿ.

ಆಗ ನನಗೆ ದಾರಿ ಕಂಡಿತು. ಬಾಯಿಂದ ಒಂದೇ ಮಾತು ಬಂತು. "ಮಣಿ ಸೀನಿಗೆ ಸಂಬಳ ಕೊಟ್ಟೈತ್ರಿ," ಎಂದೆ. ಉಳಿದದ್ದನ್ನು ಬರೆದುಕೊಟ್ಟೆ. ನನ್ನ ತೀರ್ಪು ಹೀಗಿತ್ತು. ಸೀನನ್ನು ಸಾಂತ್ವನ ಎಂದು ಬರೆದ ದಿನದಿಂದಲೇ ಅದು ಅಳೆಯುವ ಮಣೆಯಾಗಿ ಉಳಿಯಲಿಲ್ಲ, ಬರೀ ಹಲಗೆಯಾಯಿತು. ಹಲಗೆಯ ಮೇಲೆ ಚೀಲ ಇಡುವುದು ಯಾವ ನಿಯಮದಲ್ಲೂ ತಪ್ಪಲ್ಲ. ಆದ್ದರಿಂದ ಯಾರಿಗೂ ಬಾಗಿಲು ಮುಚ್ಚುವಂತಿಲ್ಲ, ಹಲಗೆಯ ನಿಮಿಷ ನೋಡಿ ಯಾರನ್ನೂ ತೇಲಾಸ್ಪತ್ರೆಗೆ ಹಾಕುವಂತಿಲ್ಲ. ಹೆಚ್ಚು ಬಂದ ಸಂಬಳವನ್ನು ಡಾಕ್ಟರು ಹೇಳಿದಂತೆ ಒಯ್ಯಬೇಕು. ಚೀಲ ಹೊಲಿದ ನಾನೂ, ಇಟ್ಟ ದೊಡ್ಡವ್ವನೂ, ಮಂದಿಯನ್ನು ಸೀನಿಸಿದ್ದಕ್ಕೆ ಒಂದು ವಾರ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚಬೇಕು. ಇನ್ನು ಮುಂದೆ ಇಬ್ಬರು ಡಾಕ್ಟರ ಹೋದ ವರ್ಷದ ಸಂಬಳ ಕೂಡಿಸಿ, ಸಮನಾಗಿ ಎರಡು ಪಾಲು ಮಾಡಿ, ತಿಂಗಳು ತಿಂಗಳು ಕೊಡಬೇಕು. ಅದು ಏತಕ್ಕೆ ಎಂದರೆ, ಅಷ್ಟು ವರ್ಷ ಓದಿದ್ದಕ್ಕೆ ಒಂದಷ್ಟು, ಈ ಘಾಟಿನ ಊರಿಗೆ ಬಂದು ಉಳಿದದ್ದಕ್ಕೆ ಒಂದಷ್ಟು, ಕೆಟ್ಟ ಸುದ್ದಿ ಹೇಳಿ ಮನೆಗೆ ಹೋದ ಮೇಲೆ ತಾವೂ ಉಣ್ಣಬೇಕಲ್ಲ, ಅದಕ್ಕೆ ಒಂದಷ್ಟು.

ನನ್ನ ದನಿ ಕೇಳುವುದಿಲ್ಲವೆಂದು ಅದನ್ನು ಮೆಹರುನ್ನಿಸಾ ಡಾಕ್ಟರ ಕೈಯಲ್ಲಿ ಓದಿಸಿದರು. ಅಷ್ಟು ಸಾಲಿಗೆ ಒಂದೂವರೆ ತಾಸು ಹಿಡಿಯಿತು. ನಡುವೆ ಅವರ ಸಂಬಳವೇ ಅರ್ಧದಷ್ಟು ಇಳಿದದ್ದು ಗೊತ್ತಾಗಿ ನಿಂತರು. ಅವರು ಕಾಗದ ಕೆಳಗಿಟ್ಟು, "ಹೋದ್ರ ಹೋಗ್ಲಿ ಬಿಡ್ರಿ. ಆ ಮಣಿಗೆ ಅಂಜಿ ನಾ ನೀರು ಕುಡ್ಯಾಕೂ ಬಾಯಿ ಮುಚ್ಚತಿದ್ದಿಲ್ಲ. ಎಂಟು ವರ್ಷ ಆತು. ಖಾಲಾನ ಎಮ್ಮಿ ಸತ್ತು ಯಾವ ಕಾಲ ಆತ್ರೀ, ದಿನಾ ಎಬ್ಬಿಸಿ ಹಿಂಡತಿದ್ದೆ," ಎಂದರು. ಸಭೆ ನಕ್ಕಿತು. ಆಮೇಲೆ ಅವರು ಒಂದು ಲೋಟ ನೀರು ತರಿಸಿ, ಎಲ್ಲರೆದುರು ನಿಧಾನವಾಗಿ ಕುಡಿದರು.

ಮುರಿಗೆಪ್ಪನವರು ಸಹಿ ಹಾಕಿದರು. ಫಕ್ಕೀರೇಶ ಡಾಕ್ಟರು ನನ್ನ ಹತ್ತಿರ ಬಂದು ನಿಂತರು. ಏನಾದರೂ ಹೇಳುತ್ತಾರೆ ಎಂದು ಕಾದೆ. ನಾನೂ ಏನಾದರೂ ಹೇಳುತ್ತೇನೆ ಎಂದು ಅವರು ಕಾದಿರಬೇಕು. ಸ್ವಲ್ಪ ಹೊತ್ತು ಇಬ್ಬರೂ ಕಾದು, ತಲೆಯಾಡಿಸಿ, ನಮ್ಮ ನಮ್ಮ ದಾರಿ ಹಿಡಿದೆವು.

ಹಿರಿಯರೇ, ನನ್ನ ತೂಕವೂ ಸರಿ ಎಂದು ನಾನು ಹೇಳಲಾರೆ. ಮುಂದಿನ ಉಳಿಕೆಯಲ್ಲಿ ಚೀಟಿ ಬಂದವರು ಇದರಲ್ಲೂ ಒಂದು ತೂತು ಹುಡುಕಬಹುದು. ನಿಮ್ಮಲ್ಲಿ ಒಂದು ಕೇಳಿಕೊಳ್ಳುತ್ತೇನೆ. ನಿಮ್ಮ ಡಾಕ್ಟರ ಸಂಬಳ ಎಷ್ಟು ಎಂದು ಅವರನ್ನೇ ಒಮ್ಮೆ ಕೇಳಿ, ಕೇಳಿದ ಮೇಲೆ ಹೇಳುವವರೆಗೆ ಕಾಯಿರಿ. ಕೆಲವರು ನಿಧಾನ.

ಇವತ್ತು ಬೆಳಿಗ್ಗೆ ದೊಡ್ಡವ್ವನ ಏಳನೆಯ ಬೆಳಕು ಇತ್ತು. ಹೊರಡುವ ಮೊದಲು ತಲೆ ಬಾಚು ಎಂದು ನನ್ನ ಮುಂದೆ ಕೂತಳು. ಬೆಳಕಿನ ಜೊತೆ ಕೊಟ್ಟ ಔಷಧಕ್ಕೆ ಉದುರಿದ ಕೂದಲು ಈಗಷ್ಟೇ ಅರ್ಧ ಬೆರಳು ಬಂದಿದೆ. ಎಣ್ಣೆ ಹಚ್ಚಿದೆ. ನಟ್ಟನಡುವೆ ಬೈತಲೆ ತೆಗೆಯಬೇಕೆಂದಳು. ತೆಗೆಯುವಷ್ಟು ಇರಲಿಲ್ಲ; ಬಾಚಣಿಗೆಯ ತುದಿಯಿಂದ ಒಂದು ಗೆರೆ ಎಳೆದು ಕಳಿಸಿದೆ.